ಹಿನ್ನೀರಿನ ಊರಿಗೊಂದು ಪುಟ

ಬೀಳಗಿ, ೨೦೦೯

ಪ್ರೀತಿಯ ಚಿಗವ್ವ ಶಂಕ್ರೆವ್ವನಿಗೆ,

ಮುಳುಗಿದ ನಮ್ಮೂರಿಗೆ ಕಂಪ್ಯೂಟರಿನಲ್ಲಿ ಒಂದು ವೆಬ್ ಪುಟ ಮಾಡಿದ್ದೇನೆ. ಮೇಲೆ ಹಿನ್ನೀರಿನ ಚಿತ್ರ, ಕೆಳಗೆ ಯಾರು ಈಗ ಎಲ್ಲಿದ್ದಾರೆಂಬ ಕೋಷ್ಟಕ. ಹೆಸರಿನ ಲಿಂಕ್ ಒತ್ತಿದರೆ ಅವರ ಫೋಟೋ ತೇಲಿ ಬರುತ್ತದೆ.

ನಿನ್ನೆ ಅವ್ವನಿಗೆ ತೋರಿಸಿದೆ. ಊರು ಬಿಟ್ಟ ದಿನದ ಜಗಳದ ನಂತರ ನಿನ್ನ ಹೆಸರೆತ್ತದವಳು ಮೆಲ್ಲಗೆ ಕೇಳಿದಳು:

"ಇದರಾಗ ಶಂಕ್ರಿ ಎಲ್ಲಿ ಅದಾಳ?"

ನಿನ್ನ ಹೆಸರು ಒತ್ತಿದೆ. ಫೋಟೋ ಇಲ್ಲದೆ ಬಿಳಿ ಚೌಕವೊಂದೇ ತೆರೆಯಿತು. ಅವ್ವ ಹೊಳೆಯೊಳಗೆ ಇಣುಕುವಂತೆ ಅದನ್ನೇ ನೋಡುತ್ತ ಕುಳಿತಳು.

"ಫೋಟೋ ಕಳಸಂತ ಬರೀತೇನಿ, ಅವ್ವಾ."

"ಫೋಟೋ ಯಾಕ? ನಾನೇ ಬರ್ತೇನಂತ ಬರಿ."

ಭಾನುವಾರ ಅವಳನ್ನು ರಬಕವಿಗೆ ಕರೆತರುತ್ತೇನೆ. ಅವಳು ಮೊದಲು ಮಾತಾಡಲಾರಳು. ಬಸ್ ನಿಲ್ದಾಣದಲ್ಲಿ ನೀನೇ "ಅಕ್ಕಾ" ಎಂದು ಕರೆ.

ನಿನ್ನ ಮಡಿಲಲ್ಲಿ ಬೆಳೆದ,
ದಾನೇಶ್ವರಿ