ಒಗೆದಿಟ್ಟ ರಕ್ತದ ಅಂಗಿ

ಅಮ್ಮಾ,

ನಿನ್ನೆ ಸುಸ್ತಾಗಿ ಶೂಟಿಂಗ್ ಅಂಗಿಯಲ್ಲೇ ಮನೆಗೆ ಬಂದಿದ್ದು ನನ್ನ ತಪ್ಪು. ನೀನು ಅದನ್ನ ಒಗೆದು ಇಸ್ತ್ರಿ ಬೇರೆ ಮಾಡಿಟ್ಟಿದ್ದೀಯ. ಆ ರಕ್ತ ಬರೀ ಬಣ್ಣ ಕಣಮ್ಮ! ಇವತ್ತೂ ಅದೇ ಹೊಡೆದಾಟ ಮುಂದುವರಿಯುತ್ತೆ, ಕಲೆ ಇದ್ದಲ್ಲೇ ಇರಬೇಕು. ನಿನ್ನೆ ಸೆಟ್ಟಲ್ಲಿ ತೆಗೆದ ಫೋಟೋ ನೋಡ್ಕೊಂಡು ಮತ್ತೆ ಹಚ್ಚಿಸಬೇಕು, ಅದಕ್ಕೇ ಬೇಗ ಹೊರಟೆ.

ಮಾತ್ರೆ ಮರೀಬೇಡ. ಗಡ್ಡ ತೆಗಿ ಅಂತ ಇನ್ನೊಂದು ಸಲ ಹೇಳಬೇಡ, ಅದೂ ಪಾತ್ರದ್ದೇ.

ಈ ಸಿನಿಮಾದ ಮೊದಲನೇ ಭಾಗದಲ್ಲಿ ರೌಡಿಗಳ ಗ್ಯಾಂಗಿನೊಳಗೆ ವೇಷ ಮರೆಸಿಕೊಂಡ ಪೊಲೀಸಾಗಿ ನಾನು ಗುಂಡೇಟಿಗೆ ಸತ್ತಾಗ ನೀನು ಥಿಯೇಟರಿಂದ ಎದ್ದು ಬಂದೆ. ಆಮೇಲೆ ನನ್ನ ಸಿನಿಮಾ ಒಂದನ್ನೂ ನೋಡಿಲ್ಲ. ಇದು ಅದೇ ಪೊಲೀಸು ಸಾಯೋದಕ್ಕಿಂತ ಹಿಂದಿನ ಕಥೆ. ಇದರಲ್ಲಿ ನಾನು ಸಾಯಲ್ಲ, ಡೈರೆಕ್ಟರನ್ನ ಎರಡು ಸಲ ಕೇಳಿದೀನಿ. ಕೊನೇ ಸೀನಲ್ಲಿ ಮನೆಗೆ ಬಂದು ಬಾಗಿಲು ತಟ್ತೀನಿ. ಅಲ್ಲೀವರೆಗಾದ್ರೂ ಎದ್ದು ಹೋಗಬೇಡಮ್ಮ.