ಏಳಡಿ ಗೆರೆಯ ಈಚೆ

ಮಾರ್ಚ್ 3, ಸೋಮವಾರ

ಮತ್ತೆ ಸೋಲು. ಒಂಬತ್ತು–ಹನ್ನೊಂದು. ದಿನವಿಡೀ ಡಿಪೋದಲ್ಲಿ ಬಸ್ಸಿನ ಟೈರು ಬಿಚ್ಚುವ ಕೈ ನನ್ನದು. ಚೆಂಡು ಕಂಡರೆ ಬಾರಿಸುತ್ತದೆ. ಅರ್ಧ ನೆಟ್ಟಿಗೆ, ಅರ್ಧ ಗೋಡೆಗೆ.

ಹಲಗೆಯಂಥ ಪ್ಯಾಡಲ್ ಹಿಡಿದು ಪುಟ್ಟ ಟೆನಿಸ್ಸಿನಂತೆ ಆಡುವ ಈ ಪಿಕಲ್‌ಬಾಲ್ ಕಲಿಸುವ ಡ್ರಿಲ್ ಮಾಸ್ಟರು ಶಿಳ್ಳೆ ಊದಿದರು. “ಏನಮ್ಮಾ ಯೂನಿಯನ್ ಸೆಕ್ರೆಟರಿ, ಚೆಂಡೇನು ಮ್ಯಾನೇಜ್‌ಮೆಂಟ್ ಕಡೇದಾ?”

ಎಲ್ಲರೂ ನಕ್ಕರು. ಅತ್ತಿಗೆ ಎಲ್ಲರಿಗಿಂತ ಜೋರಾಗಿ. ನನ್ನ ಜೋಡಿಯಾಗಿ ಆಡುವವರು, ನನ್ನ ಪಕ್ಷ ವಹಿಸಬೇಕಾದವರು!

ಏಪ್ರಿಲ್‌ನಿಂದ ನನಗೆ ಮಧ್ಯಾಹ್ನದ ಶಿಫ್ಟು. ಸಂಜೆಯ ಇಂಟರ್‌ಮೀಡಿಯೆಟ್ ಬ್ಯಾಚು ತಪ್ಪಿತು. ಬೆಳಿಗ್ಗೆ ಇರುವುದು ಅಡ್ವಾನ್ಸ್ಡ್ ಬ್ಯಾಚು ಮಾತ್ರ. ಇಪ್ಪತ್ತಮೂರಕ್ಕೆ ಪರೀಕ್ಷೆಯ ಪಂದ್ಯ. ಗೆದ್ದ ಜೋಡಿ ಮೇಲಕ್ಕೆ.

ಸೋತರೆ ಅತ್ತಿಗೆಯೂ ತಪ್ಪಿಹೋಗುತ್ತಾರೆ. ಅವರ ಮನೆಗೆ ನಾನು ಹೋಗುವುದಿಲ್ಲ. ಆರು ವರ್ಷ ಆಯಿತು. ಮುಷ್ಕರದ ಹನ್ನೊಂದನೇ ದಿನ, ಡಿಪೋ ಗೇಟಿಗೆ ನಾವು ಅಡ್ಡ ಕೂತಿದ್ದಾಗ, ಅಲ್ಲೇ ಡ್ರೈವರಾಗಿದ್ದ ಅಣ್ಣ ಬಸ್ಸು ಹೊರಗೆ ತೆಗೆದ. ನನ್ನನ್ನು ನೋಡಿ ಹಾರ್ನ್ ಹೊಡೆದ. ಒಡಹುಟ್ಟಿದವನು! ಅವತ್ತಿನಿಂದ ಅವನ ಹೊಸ್ತಿಲು ತುಳಿದಿಲ್ಲ.

ಅತ್ತಿಗೆ ಬಿಡಲಿಲ್ಲ. ಈ ಆಟಕ್ಕೆ ತಾವೂ ಸೇರಿ ನನ್ನನ್ನೂ ಎಳೆತಂದರು. ವಾರಕ್ಕೆ ಮೂರು ಸಂಜೆ. ಅಷ್ಟೇ ನಮಗಿರುವುದು.

ಮಾರ್ಚ್ 7, ಶುಕ್ರವಾರ

ನೆಟ್ಟಿನ ಎರಡೂ ಬದಿ ಏಳೇಳು ಅಡಿ ಜಾಗ. ಅದರೊಳಗೆ ನಿಂತು, ನೆಲಕ್ಕೆ ಬಿದ್ದು ಪುಟಿಯದ ಚೆಂಡನ್ನು ಹೊಡೆಯುವಂತಿಲ್ಲ. ಹೊರಗೆ ನಿಂತು ಹೊಡೆದು, ರಭಸಕ್ಕೆ ಗೆರೆ ತುಳಿದರೂ ತಪ್ಪೇ. ಆ ಜಾಗಕ್ಕೆ ಹೆಸರು ಕಿಚನ್! ಹೆಂಗಸರನ್ನು ಅಡುಗೆಮನೆಯಿಂದ ಹೊರಗೆ ತರಲು ಮೂವತ್ತು ವರ್ಷ ಗಂಟಲು ಹರಿದುಕೊಂಡೆ. ಇಲ್ಲಿ ನನ್ನ ಕಾಲೇ ಒಳಗೆ ನುಗ್ಗುತ್ತದೆ. ಇವತ್ತು ಐದು ಸಲ.

“ಗೆರೆ ಹತ್ರ ನಿಂತ್ಕೊಳಿ. ಅವರ ಕಿಚನ್ನಲ್ಲಿ ಬೀಳೋ ಹಾಗೆ ಮೆಲ್ಲಗೆ ಹಾಕಿ,” ಎಂದರು ಮಾಸ್ಟರು. “ಅವರೇ ತಾಳ್ಮೆ ಕಳ್ಕೊಂಡು ಎತ್ತಿ ಕೊಡ್ತಾರೆ. ಆಗ ಹೊಡೀರಿ.”

“ಕೊಡದಿದ್ರೆ?”

“ಇನ್ನೊಂದು ಹಾಕಿ.”

“ಆಮೇಲೆ?”

“ಇನ್ನೊಂದು.”

ಇದೇನು ಆಟವೋ, ಸರ್ಕಾರಿ ಕಚೇರಿಯೋ...

ಮಾರ್ಚ್ 12, ಬುಧವಾರ

ಬ್ಯಾಚು ಮುಗಿದ ಮೇಲೂ ಅತ್ತಿಗೆ ನಿಲ್ಲಿಸಿಕೊಂಡರು. ಮಕ್ಕಳ ವಾರ್ಡಿನ ನರ್ಸು ಅವರು. ನನ್ನ ಮಣಿಕಟ್ಟು ಹಿಡಿದು ಅಲ್ಲಾಡಿಸಿದರು.

“ಅಬ್ಬಾ, ಕಬ್ಬಿಣ! ಸೂಜಿ ಹಾಕೋವಾಗ ನಾನು ಹಿಂಗೆ ಹಿಡಿದ್ರೆ ಮಗು ಕೈ ಕೊಡುತ್ತಾ? ಸಡಿಲ ಬಿಡು.”

“ಬಿಟ್ರೆ ಪ್ಯಾಡಲ್ ಬೀಳುತ್ತೆ ಅತ್ತಿಗೆ.”

“ಬೀಳಲಿ. ಸೊಂಟ ಇದೆ, ಬಗ್ಗಿ ಎತ್ಕೋ.”

ಎರಡು ಸಲ ಬಿತ್ತು. ಮೂರನೆಯ ಸಲ ಚೆಂಡು ನೆಟ್ಟು ದಾಟಿದ್ದೇ ಸುಸ್ತಾದಂತೆ ಇಳಿಯಿತು. ಸದ್ದೇ ಇಲ್ಲ. ನನ್ನ ಕೈಯಿಂದ ಅಂಥದ್ದು ಬಂತೇ! ಆಮೇಲೆ ಒಂದೇ ಸಮನೆ ಹದಿನೇಳು. ಬೆವರು ಒರೆಸಲೂ ಮರೆತೆ.

ಬಸ್‌ಸ್ಟಾಪಿನಲ್ಲಿ ಹೇಳಿದರು. “ನಿಮ್ಮಣ್ಣ ಕೇಳ್ತಿದ್ರು, ಹೇಗಾಡ್ತಾಳೆ ಅಂತ.”

ಬಸ್ಸು ಬರುವ ದಾರಿ ನೋಡಿದೆ. ಬಸ್ಸು ಬಂತು. ತಡೆಯಲಾಗಲಿಲ್ಲ. “ಏನಂದ್ರಿ?”

“ಕತ್ತೆ ಒದ್ದಂಗೆ ಅಂದೆ.”

ಮಾರ್ಚ್ 23, ಭಾನುವಾರ

ಎದುರಿಗೆ ಬ್ಯಾಂಕಿನ ಕ್ಯಾಷಿಯರಮ್ಮ ಮತ್ತು ಅವರ ಮಗಳು. ಮೆಲ್ಲಗೆ ಆಡಿದೆ. ನಾನೇ ನಂಬಲಾರೆ. ಇಟ್ಟೆ, ಕಾದೆ, ಇಟ್ಟೆ, ಕಾದೆ. ಮಗಳಿಗೆ ತಾಳ್ಮೆ ತಪ್ಪಿತು. ಹತ್ತು–ಒಂಬತ್ತು, ನಮ್ಮ ಕಡೆ. ಇನ್ನೊಂದು ಪಾಯಿಂಟು, ಮುಗಿಯಿತು.

ಹುಡುಗಿ ಎತ್ತಿ ಕೊಟ್ಟಳು. ಬಾರಿಸಿದೆ. ಇಬ್ಬರ ನಡುವೆ ಸೀಳಿಕೊಂಡು ಹೋಯಿತು. ಮುಷ್ಟಿ ಎತ್ತಿ ಕೂಗಿದೆ.

“ಕಾಲು,” ಎಂದರು ಅತ್ತಿಗೆ.

“ಯಾರ ಕಾಲು?”

“ನಿಂದೇ ಕಣೇ. ಬಲಗಾಲು. ಗೆರೆ ತುಳಿದೆ.”

ಎದುರಿನವರು ನೋಡಿಲ್ಲ. ಮಾಸ್ಟರೂ ನೋಡಿಲ್ಲ. ಈ ಆಟದಲ್ಲಿ ಅಂಪೈರಿಲ್ಲ, ತಪ್ಪು ಕಂಡರೆ ಆಡುವವರೇ ಕೂಗಬೇಕು. ಹಾಗಂತ ಸ್ವಂತ ಜೋಡಿಯ ಮೇಲೆ ಕೂಗುವುದೇ? ನಮ್ಮ ಪಾಯಿಂಟು ರದ್ದಾಗಿ ಸರ್ವೀಸು ಅವರ ಕೈಗೆ ಹೋಯಿತು. ಮುಂದಿನ ಮೂರೂ ಪಾಯಿಂಟು ಹೋದವು. ಹತ್ತು–ಹನ್ನೆರಡು.

“ದ್ರೋಹದ ಮನೆ ನಿಮ್ಮದು! ಅವತ್ತು ಗಂಡ, ಇವತ್ತು ಹೆಂಡತಿ!” ಎಂದೆ. ಎಲ್ಲರೆದುರು.

ಅತ್ತಿಗೆ ಬಗ್ಗಿ ಶೂ ಲೇಸು ಕಟ್ಟಿಕೊಂಡರು. ಬಹಳ ಹೊತ್ತು.

ಮಾರ್ಚ್ 27, ಗುರುವಾರ

ನಾಲ್ಕು ದಿನ. ಫೋನಿಲ್ಲ.

ಬರೆದುಬಿಡುತ್ತೇನೆ, ಯಾರು ಓದುತ್ತಾರೆ. ಗೆರೆ ತುಳಿದದ್ದು ನನಗೆ ಗೊತ್ತಿತ್ತು. ಹೊಡೆದ ಕ್ಷಣವೇ ಗೊತ್ತಿತ್ತು. ಗೊತ್ತಿದ್ದೇ ಮುಷ್ಟಿ ಎತ್ತಿದೆ. ಮ್ಯಾನೇಜ್‌ಮೆಂಟಿನ ಸುಳ್ಳನ್ನು ಮೇಜಿನ ಮೇಲೆ ಹರವಿ ತೋರಿಸುವವಳು ನಾನು. ಥೂ.

ಸಂಜೆ ನಾನೇ ಫೋನು ಮಾಡಿದೆ. “ಅತ್ತಿಗೆ, ತುಳಿದಿದ್ದೆ.”

“ಗೊತ್ತು.”

“ನಾನಂದ ಮಾತು...”

“ಅದೂ ಗೊತ್ತು. ಕೂಗದೆ ಗೆದ್ದಿದ್ರೆ ದಿನಾ ಬೆಳಿಗ್ಗೆ ನಿನ್ನ ಮುಖ ಹೆಂಗೆ ನೋಡ್ಲಿ ಹೇಳು? ಹೋಗ್ಲಿ ಬಿಡು. ನಮ್ಮ ಟೆರೇಸು ಖಾಲಿ ಬಿದ್ದಿದೆ. ಮೆಲ್ಲಗೆ ಆಡೋಕೆ ಅಷ್ಟು ಜಾಗ ಸಾಕು. ಭಾನುವಾರ ಬಾ.”

“ಅಲ್ಲಿ ಅವನಿರ್ತಾನೆ.”

“ಅವರ ಮನೆ ಕಣೇ. ಎಲ್ಲಿಗೆ ಹೋಗ್ತಾರೆ?”

ಮಾರ್ಚ್ 30, ಭಾನುವಾರ

ಹೋಗಲಿಲ್ಲ. ಅವರ ಬೀದಿಯ ತಿರುವಿನವರೆಗೆ ಹೋಗಿ ಬಂದೆ.

ಏಪ್ರಿಲ್ 6, ಭಾನುವಾರ, ಬೆಳಿಗ್ಗೆ 8.20

ಅವರ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಟೆರೇಸಿನ ಗೆರೆಗಳ ಬಣ್ಣ ಒಣಗಬೇಕಂತೆ.

ಬಾಗಿಲು ತೆಗೆದದ್ದು ಅಣ್ಣ. ಕೂದಲೆಲ್ಲ ಬೆಳ್ಳಗಾಗಿದೆ. ಕೈಯಲ್ಲಿ ಅಳತೆ ಟೇಪು.

“ಏಳಡಿ ತಾನೇ?” ಎಂದ. ಆರು ವರ್ಷಕ್ಕೆ ಮೊದಲ ಮಾತು.

“ಏಳೇ.”

ಟೇಪಿನ ಒಂದು ತುದಿ ಅವನು, ಇನ್ನೊಂದು ನಾನು. ಗೆರೆ ಎಳೆಯುತ್ತಲೇ ಹೇಳಿದೆ: “ಅವತ್ತು ನೀನು ಬಸ್ಸು ತೆಗೆದದ್ದು ತಪ್ಪು. ಇವತ್ತಿಗೂ ತಪ್ಪೇ.”

“ಹೂಂ,” ಎಂದ. ಬ್ರಷ್ಷು ಅದ್ದಿದ. “ಹಾರ್ನ್ ಹೊಡೆದದ್ದು ಬೈಯೋಕಲ್ಲ. ಎದ್ದು ಪಕ್ಕಕ್ಕೆ ಸರೀಲಿ ಅಂತ... ಚಕ್ರದ ಹತ್ರಾನೇ ಕೂತಿದ್ದೆ ನೀನು.”

ಉಳಿದ ಗೆರೆ ಎಳೆದು ಮುಗಿಸಿದೆವು. ಕೆಳಗೆ ಬಂದು ಕೂತೆ.

ಅತ್ತಿಗೆ ಮೇಲಿನಿಂದ ಕೂಗುತ್ತಿದ್ದಾರೆ. ಒಣಗಿತಂತೆ. ಅವನೂ ಆಡುತ್ತಾನಂತೆ, ನನ್ನ ಎದುರು ಬದಿ. ಆಡಲಿ. ಮೊದಲ ಚೆಂಡು ಮೆಲ್ಲಗೇ ಹಾಕುತ್ತೇನೆ. ಆಮೇಲೆ ಇನ್ನೊಂದು.