ಉಳುಕು ಕಾಲಿನ ಹಠ

ಮಂಗಳವಾರ, ಕೆಲಸಕ್ಕೆ ಹೊರಡುವ ಮುಂಚೆ

ನನ್ನ ಪುಟ್ಟಿಗೆ,

ನೀನು, ಅಳಿಯಂದಿರು, ಮಗು ಎಲ್ಲರೂ ಸುಖವಾಗಿದ್ದೀರಿ ಅಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಬೈದುಕೊಂಡಿರುತ್ತೀಯ. ಬೈದುಕೋ. ಬಿಡುವಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. "ಇನ್ನು ಏಣಿ ಹತ್ತಬೇಡಮ್ಮ, ಪೇಂಟಿಂಗ್ ಕೆಲಸ ಬಿಟ್ಟು ಮನೇಲಿರು" ಎಂದು ನೀನು ಬರೆದದ್ದನ್ನು ಓದಿ ಮೈಯೆಲ್ಲ ಉರಿದುಹೋಗಿತ್ತು. ಆರಲಿ ಎಂದು ಕಾದೆ. ಆರಲಿಲ್ಲ, ಆದರೂ ಬರೆಯುತ್ತಿದ್ದೇನೆ.

ಈ ಎಡಗಾಲು ಎಷ್ಟು ಸಲ ಉಳುಕಿದೆಯೋ ಆ ದೇವರಿಗೇ ಗೊತ್ತು. ಮೊದಲ ಸಲ ಏಣಿ ಇಳಿಯುವಾಗ ಬಣ್ಣದ ಡಬ್ಬಿಯ ಮೇಲೆ ಕಾಲಿಟ್ಟಿದ್ದೆ. ಆಮೇಲೆ ಸಮತಟ್ಟು ನೆಲದಲ್ಲೂ ಸುಮ್ಮಸುಮ್ಮನೆ ಹೊರಳತೊಡಗಿತು. ಬಟ್ಟೆ ಬಿಗಿದು ಕಟ್ಟುವುದು, ಬಾವು ಇಳಿದೊಡನೆ ಕೆಲಸಕ್ಕೆ ಓಡುವುದು, ಇಷ್ಟೇ ನನಗೆ ಗೊತ್ತಿದ್ದ ಔಷಧಿ. ಕೊನೆಗೆ ಆಸ್ಪತ್ರೆಗೆ ಹೋದಾಗ, ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಕಾಲು ಹಿಡಿದು ನೋಡಿ, "ಕೀಲಿನ ಕಟ್ಟು ಸಡಿಲಾಗಿದೆ. ಅದಿರಲಿ, ಕಾಲು ವಾಲ್ತಿದೆ ಅನ್ನೋ ಸುದ್ದಿ ಸ್ನಾಯುಗೆ ತಡವಾಗಿ ಮುಟ್ತಿದೆ. ಅದು ಎಚ್ಚರ ಆಗೋಷ್ಟರಲ್ಲಿ ನೀವು ನೆಲದ ಮೇಲಿರ್ತೀರಿ. ಯಾವಾಗ್ಲೂ ನೆಲ ನೋಡ್ಕೊಂಡು ನಡೀತೀರಲ್ಲ, ಕಾಲಿನ ಕೆಲಸಾನ ಕಣ್ಣು ಮಾಡ್ತಿದೆ. ದಿನಾ ಒಂಟಿ ಕಾಲಲ್ಲಿ ನಿಂತು ಕಾಲಿಗೇ ಆ ಕೆಲಸ ಕಲಿಸಿ" ಅಂದರು.

ಅವತ್ತಿನಿಂದ ಒಲೆಯ ಮೇಲೆ ಹಾಲು ಕಾಯುವವರೆಗೆ ನನ್ನದು ಒಂಟಿ ಕಾಲು. ಮೊದಲು ಗೋಡೆ ಹಿಡಿದು, ಆಮೇಲೆ ಬಿಟ್ಟು, ಆಮೇಲೆ ಕಣ್ಣು ಮುಚ್ಚಿ, ಈಗ ಮಡಿಸಿದ ಕಂಬಳಿಯ ಮೇಲೆ. ಎದುರು ಮನೆಯಾಕೆ ಕಿಟಕಿಯಿಂದ ನೋಡಿ, "ಏನ್ರೀ, ಕೊಕ್ಕರೆ ಆಗ್ಬಿಟ್ರಾ?" ಅಂದಳು. "ಹೌದು ಕಣ್ರೀ, ಮೀನಿದ್ರೆ ಕೊಡಿ" ಅಂದೆ.

ನಮ್ಮ ಮೇಸ್ತ್ರಿ ನನ್ನನ್ನು ಏಣಿಯಿಂದ ಇಳಿಸಿ ಕಿಟಕಿ ಚೌಕಟ್ಟು ಉಜ್ಜಲು ಕೂರಿಸಿದ್ದ. ನಿನ್ನೆ ಎಲ್ಲರೆದುರೇ ಕೇಳಿದೆ, "ನನ್ನ ಏಣಿ ಯಾವಾಗ ಕೊಡ್ತೀಯಪ್ಪಾ?"

"ನೀವು ಬಿದ್ರೆ ನನ್ನ ತಲೆಗೆ ಬರುತ್ತೆ ಅಕ್ಕಾ."

"ಹಾಗಾದ್ರೆ ಬಾ, ಇಬ್ರೂ ಕಣ್ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲೋಣ. ಮೊದಲು ಕಾಲೂರಿದವರು ಚೌಕಟ್ಟು ಉಜ್ಜಲಿ."

ಎರಡೂ ಕಾಲು ಗಟ್ಟಿಯಿರುವ ಆಸಾಮಿ, ಪಾಪ, ಕಣ್ಣು ಮುಚ್ಚಿದ್ದೇ ತಡ ತೂರಾಡಿ ಹಸಿ ಗೋಡೆಗೆ ಅಂಗೈ ಒತ್ತಿಬಿಟ್ಟ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಎಡಗಾಲಿನ ಮೇಲೆ ನಿಂತೇ ಇದ್ದೆ. ಮಧ್ಯಾಹ್ನ ಏಣಿ ನನ್ನ ಕೈಗೆ ಬಂತು.

ನಿನ್ನಿಂದ ಮುಚ್ಚಿಡುವುದಿಲ್ಲ. ಚಾವಣಿಯ ಮೂಲೆಗೆ ಬ್ರಷ್ ಚಾಚಿದಾಗ ಕಾಲು ಒಮ್ಮೆ ಹೊರಳಲು ಹೊರಟಿತು. ಅಷ್ಟರಲ್ಲಿ ಮೀನಖಂಡದ ಪಕ್ಕದ ಸ್ನಾಯು ಚಕ್ಕನೆ ಬಿಗಿದು ಕಾಲನ್ನು ನಿಲ್ಲಿಸಿತು. ಇದು ಹೊರಳುವ ಕಾಲೇ, ಮುಂದೂ ಹೊರಳೀತು. ಹೊರಳಲಿ, ಸಂಭಾಳಿಸಿಕೊಳ್ಳುತ್ತೇನೆ. ಆ ಮೂಲೆ ಮುಗಿಸಿಯೇ ಕೆಳಗಿಳಿದೆ. ಕೆಲಸ ಬಿಡು ಎಂದು ಇನ್ನೊಮ್ಮೆ ಬರೆದೀಯ, ಜೋಕೆ!

ನಿಮ್ಮ ಮನೆಯಲ್ಲಿ ಸದಾ ನಗು ಇರಲಿ. ಅಳಿಯಂದಿರ ಕೆಮ್ಮು ಬೇಗ ವಾಸಿಯಾಗಲಿ. ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು.

ಇಂತಿ,
ಯಾರ ಮಾತೂ ಕೇಳದ ನಿನ್ನ ಅಮ್ಮ

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಇಲ್ಲಿಗೆ ತಳ್ಳಿದ್ದು. ಹೋದ ಸಲ ನಿಮ್ಮಲ್ಲಿಗೆ ಬಂದಾಗ, ಅಳುತ್ತಿದ್ದ ಮಗುವನ್ನು ಎತ್ತಿಕೊಂಡು ನಾನು ಎರಡು ಹೆಜ್ಜೆ ಇಟ್ಟಿರಲಿಲ್ಲ, ನೀನು ಓಡಿ ಬಂದು ಕಸಿದುಕೊಂಡೆ. "ಬೇಡಮ್ಮ, ಬೀಳಿಸ್ಬಿಡ್ತೀಯ" ಅಂದೆ. ಹೆತ್ತವಳಿಗೆ ಭಯ ಇದ್ದೇ ಇರುತ್ತದೆ, ನನಗೆ ಗೊತ್ತಿಲ್ಲವೇ? ಆದರೆ ಮೇಸ್ತ್ರಿ ಏಣಿ ಕಿತ್ತುಕೊಂಡಾಗ ನನಗೆ ಸಿಟ್ಟು ಬಂತು, ಅವತ್ತು ಅಳು ಬಂತು. ನಿಮ್ಮ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ದಿನಾ ಒಂಟಿ ಕಾಲಲ್ಲಿ ನಿಲ್ಲುವಾಗ ಎದೆಗೊಂದು ದಿಂಬು ಅವುಚಿಕೊಳ್ಳುತ್ತೇನೆ. ಅದು ಡಾಕ್ಟರಮ್ಮ ಹೇಳಿಕೊಟ್ಟದ್ದಲ್ಲ. ಭಾನುವಾರ ಬರುತ್ತಿದ್ದೇನೆ. ಮಗುವನ್ನು ನನ್ನ ಕೈಗೆ ಕೊಡು. ಕೊಟ್ಟ ಮೇಲೆ ಪಕ್ಕದಲ್ಲಿ ಕೈ ಚಾಚಿಕೊಂಡು ನಿಲ್ಲಬೇಡ.